ಜಪಾನಿನ ಕಥೆ ಇಂಗ್ಲಿಷ್ ಬಾಗಿಲಿನಿಂದಲೇ ಯಾಕೆ ಬರಬೇಕು?

(ತಾಲ್ಲೂಕು ಕನ್ನಡ ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಸಾಹಿತಿಯಲ್ಲ, ಪ್ರಾಧ್ಯಾಪಕನೂ ಅಲ್ಲ. ಪಿಯುಸಿ ಓದಿ ಮುದ್ರಣಾಲಯ ನಡೆಸುತ್ತಿರುವವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ನಮ್ಮ ಸಂಘದ ರಾಜ್ಯೋತ್ಸವದ ಪೋಸ್ಟರು, ಇವೇ ನನ್ನ ಪ್ರಪಂಚ. ಹಾಗಾಗಿ ನನ್ನ ಮಾತಿನಲ್ಲಿ ಶಾಸ್ತ್ರ ಕಡಿಮೆ, ಶಾಯಿಯ ವಾಸನೆ ಜಾಸ್ತಿ. ಸಹಿಸಿಕೊಳ್ಳಬೇಕು.

ಇವತ್ತಿನ ವಿಷಯ ಮಾಂಗಾ. ಹಿರಿಯರು ಇದನ್ನು ಮಂಗ ಎಂದು ಕೇಳಿಸಿಕೊಂಡು ನಗಬೇಡಿ. ಮಾಂಗಾ ಎಂದರೆ ಜಪಾನಿನ ಚಿತ್ರಕಥೆ. ಕೊರಿಯಾದವರು ಅದನ್ನೇ ಮಾನ್ಹ್ವಾ ಎನ್ನುತ್ತಾರೆ, ಚೀನಾದವರು ಮಾನ್ಹುವಾ ಎನ್ನುತ್ತಾರೆ. ಮೂರೂ ಒಂದೇ ಪದ, ಅವೇ ಎರಡು ಚೀನೀ ಅಕ್ಷರ. ಮನಬಂದಂತೆ ಬರೆದ ಚಿತ್ರ ಎಂದು ಅದರ ಅರ್ಥ. ಒಂದು ಪದವನ್ನು ಮೂರು ದೇಶದವರೂ ತಮ್ಮ ತಮ್ಮ ಬಾಯಿಗೆ ಒಗ್ಗಿಸಿಕೊಂಡರು, ತಮ್ಮ ತಮ್ಮ ಭಾಷೆಯಲ್ಲಿ ಬೆಳೆಸಿದರು. ನಮ್ಮ ಮಕ್ಕಳು ಮಾತ್ರ ಈ ಮೂರನ್ನೂ ನಾಲ್ಕನೆಯ ಭಾಷೆಯಲ್ಲಿ, ಅಂದರೆ ಇಂಗ್ಲಿಷಿನಲ್ಲಿ ಓದುತ್ತಿದ್ದಾರೆ. ನನ್ನ ತಕರಾರು ಇರುವುದು ಅಲ್ಲಿ.

ಕನ್ನಡ ಚಳವಳಿಗೂ ಇದಕ್ಕೂ ಏನು ಸಂಬಂಧ, ಬೋರ್ಡು, ನೌಕರಿ, ಶಾಲೆಯ ಮಾಧ್ಯಮ, ನೀರು, ಗಡಿ ಇಷ್ಟೆಲ್ಲ ಇರುವಾಗ ಮಕ್ಕಳ ಕಾಮಿಕ್ಸ್ ಹಿಡಿದುಕೊಂಡು ಬಂದನಲ್ಲ ಈ ಮನುಷ್ಯ ಎಂದು ನಿಮಗೆ ಅನಿಸಬಹುದು. ಸಂಬಂಧ ಇದೆ. ಅಂಗಡಿಯ ಬೋರ್ಡನ್ನು ಕಾನೂನಿನಿಂದ ಕನ್ನಡ ಮಾಡಿಸಬಹುದು. ಆದರೆ ಹದಿಮೂರು ವರ್ಷದ ಹುಡುಗ ರಾತ್ರಿ ದೀಪ ಆರಿಸಿದ ಮೇಲೆ ಕಂಬಳಿಯೊಳಗೆ ಯಾವ ಭಾಷೆಯಲ್ಲಿ ಕಥೆ ಓದಬೇಕು ಎಂಬುದನ್ನು ಯಾವ ಕಾನೂನೂ ಹೇಳಲಾರದು. ಆಸೆಯಿಂದ ಓದುವ ಭಾಷೆಯೇ ಕೊನೆಗೆ ಅವನ ಸ್ವಂತ ಭಾಷೆಯಾಗುತ್ತದೆ. ಕನ್ನಡ ಅವನಿಗೆ ಪರೀಕ್ಷೆಯ ಭಾಷೆಯಾಗಿ, ಅಜ್ಜಿಯ ಭಾಷೆಯಾಗಿ ಮಾತ್ರ ಉಳಿದರೆ ಇನ್ನು ಇಪ್ಪತ್ತು ವರ್ಷಕ್ಕೆ ಈ ಪತ್ರಿಕೆಯನ್ನು ಓದುವವರು ಯಾರು?

ಒಂದೇ ಶಾಯಿ, ಅಗ್ಗದ ಕಾಗದ

ಮೊದಲು ಜಪಾನಿನವರು ಇದನ್ನು ಹೇಗೆ ಕಟ್ಟಿದರು ಎಂದು ನೋಡೋಣ. ಮುದ್ರಕನಾದ ನನಗೆ ಅವರ ಮೇಲೆ ಗೌರವ ಹುಟ್ಟಿದ್ದೇ ಅವರ ಕಾಗದ ನೋಡಿ.

ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಸುಟ್ಟು ಕರಕಲಾಗಿತ್ತು. 1946ರಲ್ಲಿ ಹಸೆಗಾವಾ ಮಾಚಿಕೊ ಎಂಬ ಹೆಣ್ಣುಮಗಳು ಫುಕುವೊಕಾದ ಒಂದು ಸ್ಥಳೀಯ ದಿನಪತ್ರಿಕೆಯಲ್ಲಿ ಸಜಾಯೆ-ಸಾನ್ ಎಂಬ ನಾಲ್ಕು ಚೌಕದ ಚಿತ್ರಕಥೆ ಆರಂಭಿಸಿದರು. ಒಂದು ಸಾಧಾರಣ ಮನೆ, ಅದರ ದಿನನಿತ್ಯದ ಪೇಚಾಟ, ಅಷ್ಟೆ. ಮುಂದೆ ಅಸಾಹಿ ಪತ್ರಿಕೆಗೆ ಹೋಗಿ 1974ರವರೆಗೆ ಅದು ನಡೆಯಿತು. 1947ರಲ್ಲಿ ತೆಜುಕಾ ಒಸಾಮು ಎಂಬ ವೈದ್ಯಕೀಯ ವಿದ್ಯಾರ್ಥಿಯ ಹೊಸ ನಿಧಿದ್ವೀಪದ ಕಥೆ ಬಂತು. 1952ರಲ್ಲಿ ಅದೇ ತೆಜುಕಾ ಯಂತ್ರಬಾಲಕನ ಕಥೆ ಶುರುಮಾಡಿದರು. ಅದನ್ನು ನಾವು ಆಸ್ಟ್ರೋ ಬಾಯ್ ಎಂಬ ಇಂಗ್ಲಿಷ್ ಹೆಸರಿನಿಂದ ಬಲ್ಲೆವು. ನಮ್ಮ ಬುದ್ಧನ ಜೀವನವನ್ನೂ ಈ ಮನುಷ್ಯ 1972ರಿಂದ 1983ರವರೆಗೆ ಸಾವಿರಾರು ಪುಟಗಳ ಮಾಂಗಾ ಮಾಡಿದರು. ಕಪಿಲವಸ್ತುವಿನ ಕಥೆ ಜಪಾನಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೊರಳಿ, ಬೆಂಗಳೂರಿನ ಪುಸ್ತಕದಂಗಡಿಗೆ ಇಂಗ್ಲಿಷಿನಲ್ಲಿ ವಾಪಸು ಬಂದಿದೆ!

1959ರ ಮಾರ್ಚ್ 17ರಂದು, ಒಂದೇ ದಿನ, ಮಕ್ಕಳಿಗಾಗಿ ಎರಡು ವಾರಪತ್ರಿಕೆಗಳು ಅಲ್ಲಿ ಹುಟ್ಟಿದವು. 1968ರಲ್ಲಿ ಶೋನೆನ್ ಜಂಪ್ ಬಂತು. ದಿಂಡಿನಷ್ಟು ದಪ್ಪದ ಪತ್ರಿಕೆ. ಕಾಗದ ಮಾತ್ರ ರದ್ದಿಯಿಂದ ಮಾಡಿದ ಒರಟು ಕಾಗದ. ಅದರ ಮಾಸಲು ಮುಚ್ಚಲು ಅದಕ್ಕೊಂದು ತೆಳು ಬಣ್ಣ. ಒಳಗೆಲ್ಲ ಒಂದೇ ಶಾಯಿ. ನಾಲ್ಕು ಬಣ್ಣವಿಲ್ಲ, ಆರ್ಟ್ ಪೇಪರಿಲ್ಲ, ಲ್ಯಾಮಿನೇಷನ್ ಇಲ್ಲ. ಓದುಗರು ರೈಲಿನಲ್ಲಿ ಓದಿ ಸ್ಟೇಷನ್ನಿನಲ್ಲೇ ಬಿಟ್ಟು ಹೋಗುತ್ತಿದ್ದರು. ಯಾವ ಕಥೆ ಚೆನ್ನಾಗಿದೆ ಎಂದು ಅಂಚೆ ಕಾರ್ಡಿನಲ್ಲಿ ಮತ ಹಾಕಿ ಕಳಿಸುತ್ತಿದ್ದರು. ಮತ ಬೀಳದ ಕಥೆ ನಿಲ್ಲುತ್ತಿತ್ತು, ಗೆದ್ದ ಕಥೆಯನ್ನು ಒಳ್ಳೆಯ ಕಾಗದದಲ್ಲಿ ಅಂಗೈಯಗಲದ ಪುಸ್ತಕ ಮಾಡಿ ಮಾರುತ್ತಿದ್ದರು. ಅಂದರೆ ಅಗ್ಗದ ಕಾಗದದಲ್ಲಿ ಪರೀಕ್ಷೆ, ಒಳ್ಳೆಯ ಕಾಗದದಲ್ಲಿ ಲಾಭ. ಇದಕ್ಕಿಂತ ಜಾಣ ಮುದ್ರಣ ವ್ಯವಹಾರವನ್ನು ನಾನು ಕಂಡಿಲ್ಲ. 1995ರಲ್ಲಿ ಆ ಒಂದು ವಾರಪತ್ರಿಕೆಯ ಪ್ರಸಾರ 65 ಲಕ್ಷ ದಾಟಿತ್ತು.

ಇನ್ನೊಂದು ಸಂಗತಿ ನಮ್ಮ ಶಿಕ್ಷಕರು ಗಮನಿಸಬೇಕು. ಜಪಾನೀ ಮಗು ಪ್ರಾಥಮಿಕ ಶಾಲೆ ಮುಗಿಸುವ ಹೊತ್ತಿಗೆ 1026 ಚೀನೀ ಅಕ್ಷರ ಕಲಿಯಬೇಕು. ಪತ್ರಿಕೆ ಸಲೀಸಾಗಿ ಓದಲು 2136 ಬೇಕು. ಎಂಟು ವರ್ಷದ ಮಗು ಕಥೆ ಓದುವುದು ಹೇಗೆ? ಮುದ್ರಕರು ಅದಕ್ಕೆ ದಾರಿ ಮಾಡಿಕೊಟ್ಟರು. ಮಕ್ಕಳ ಮಾಂಗಾದಲ್ಲಿ ಪ್ರತಿ ಕಷ್ಟದ ಅಕ್ಷರದ ಪಕ್ಕದಲ್ಲೂ ಅದರ ಉಚ್ಚಾರವನ್ನು ಇರುವೆ ಗಾತ್ರದ ಸುಲಭ ಲಿಪಿಯಲ್ಲಿ ಅಚ್ಚು ಹಾಕುತ್ತಾರೆ. ಅದಕ್ಕೆ ಫುರಿಗಾನಾ ಎನ್ನುತ್ತಾರೆ. ಕಥೆಯ ಆಸೆಗೆ ಮಗು ಅಕ್ಷರ ಕಲಿಯುತ್ತದೆ. ಅವರ ಲಿಪಿ ಬೆಟ್ಟ, ನಮ್ಮದು ದಿಬ್ಬ. ಕಾಗುಣಿತ, ಒತ್ತಕ್ಷರ ಬಂದರೆ ಕನ್ನಡದ ಮಗು ಯಾವ ಪುಸ್ತಕವನ್ನಾದರೂ ಓದಬಹುದು. ಬೆಟ್ಟ ಹತ್ತಿದವರ ಮಕ್ಕಳು ಓದುತ್ತಿದ್ದಾರೆ, ದಿಬ್ಬದ ಕೆಳಗೆ ನಿಂತ ನಾವು ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ ಎಂದು ಅಳುತ್ತಿದ್ದೇವೆ. ಓದಲು ಏನು ಕೊಟ್ಟಿದ್ದೇವೆ ಎಂದು ಯಾರೂ ಕೇಳುವುದಿಲ್ಲ.

ಪುಟದಿಂದ ಮೊಬೈಲಿಗೆ

ಈಗ ಕಾಲ ಬದಲಾಗಿದೆ. ಮಾಂಗಾ ಕಾಗದದಿಂದ ಮೊಬೈಲಿಗೆ ಇಳಿದಿದೆ. 2024ರಲ್ಲಿ ಜಪಾನಿನ ಚಿತ್ರಕಥೆಯ ಮಾರುಕಟ್ಟೆ 70 ಸಾವಿರ ಕೋಟಿ ಯೆನ್ ದಾಟಿತು. ಅದರಲ್ಲಿ 51 ಸಾವಿರ ಕೋಟಿಗೂ ಮಿಕ್ಕಿದ್ದು ಮೊಬೈಲ್, ಕಂಪ್ಯೂಟರುಗಳಲ್ಲಿ ಓದುವವರಿಂದ ಬಂದದ್ದು. ಕೊರಿಯಾದವರಂತೂ ಪುಟವನ್ನೇ ಕೈಬಿಟ್ಟರು. ಅಲ್ಲಿನ ಡೌಮ್ 2003ರಲ್ಲಿ, ನೇವರ್ 2004ರಲ್ಲಿ ವೆಬ್‌ಟೂನ್ ಶುರುಮಾಡಿದವು. ಪುಟ ತಿರುವುವ ಹಾಗಿಲ್ಲ. ಬಾವಿಗೆ ಹಗ್ಗ ಬಿಟ್ಟಂತೆ ಚಿತ್ರ ಮೇಲಿನಿಂದ ಕೆಳಕ್ಕೆ ಇಳಿಯುತ್ತಲೇ ಹೋಗುತ್ತದೆ, ಬೆರಳಿನಿಂದ ಸರಿಸುತ್ತ ಓದಬೇಕು. ಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಒಂದು ಕೈಯಲ್ಲಿ ಚೀಲ ಹಿಡಿದು ನಿಂತ ಕಾಲೇಜು ಹುಡುಗಿ ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಓದುತ್ತಿರುವುದು ಇದನ್ನೇ.

ಇದು ಪೋಲಿ ಹುಡುಗರ ಚಟ ಎಂದು ತಳ್ಳಿಹಾಕುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ನಕಾಜಾವಾ ಕೇಜಿ ಎಂಬುವರು ಹಿರೋಷಿಮಾದವರು. 1945ರಲ್ಲಿ ಬಾಂಬು ಬಿದ್ದಾಗ ಅವರಿಗೆ ಆರು ವರ್ಷ. ತಂದೆ, ಅಕ್ಕ, ತಮ್ಮ ಮೂವರನ್ನೂ ಕಳೆದುಕೊಂಡರು. 1973ರಲ್ಲಿ ಅವರು ಬರಿಗಾಲಿನ ಗೆನ್ ಎಂಬ ಹುಡುಗನ ಹೆಸರಿನಲ್ಲಿ ಆ ಕಥೆಯನ್ನು ಹೇಳಲು ಆರಂಭಿಸಿದ್ದು ಅದೇ ಶೋನೆನ್ ಜಂಪ್ ಎಂಬ ಹುಡುಗರ ಪತ್ರಿಕೆಯಲ್ಲಿ. ಹಾಗೆಂದು ಎಲ್ಲ ಮಾಂಗಾವೂ ಮಕ್ಕಳಿಗಲ್ಲ. ಅಲ್ಲಿ ಹುಡುಗರಿಗೆ, ಹುಡುಗಿಯರಿಗೆ, ದೊಡ್ಡವರಿಗೆ ಎಂದು ಬೇರೆ ಬೇರೆ ಪತ್ರಿಕೆಗಳೇ ಇವೆ. ಆ ವಿಂಗಡಣೆ ಗೊತ್ತಿಲ್ಲದ ತಂದೆತಾಯಿ ಒಂದೋ ಎಲ್ಲವನ್ನೂ ಬಿಡುತ್ತಾರೆ, ಇಲ್ಲವೇ ಎಲ್ಲವನ್ನೂ ಬಡಿದು ನಿಲ್ಲಿಸುತ್ತಾರೆ. ಕನ್ನಡದಲ್ಲಿ ಬಂದರೆ ತಾಯಿಯೂ ಪಕ್ಕದಲ್ಲಿ ಕೂತು ಓದಿ ನೋಡಬಹುದಲ್ಲವೇ?

ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ

ಶೋನೆನ್ ಜಂಪ್ ಹೊರಡಿಸುವ ಶುಯೇಶಾ ಪ್ರಕಾಶನ 2019ರ ಜನವರಿಯಲ್ಲಿ ಹೊರದೇಶದವರಿಗಾಗಿ ಮಾಂಗಾ ಪ್ಲಸ್ ಎಂಬ ಆ್ಯಪ್ ತೆರೆಯಿತು. ಜಪಾನಿನಲ್ಲಿ ಕಂತು ಬಂದ ದಿನವೇ ಇಲ್ಲೂ ಓದಬಹುದು. ಮೊದಲ ಕೆಲವು ಮತ್ತು ತೀರಾ ಈಚಿನ ಕೆಲವು ಕಂತುಗಳಿಗೆ ಕಾಸು ಕೊಡಬೇಕಾಗಿಲ್ಲ. ಒಳ್ಳೆಯ ಏರ್ಪಾಡು. ಆದರೆ ಅದರ ಭಾಷೆಗಳ ಪಟ್ಟಿ ನೋಡಿ: ಇಂಗ್ಲಿಷ್, ಸ್ಪ್ಯಾನಿಷ್, ಫ್ರೆಂಚ್, ಪೋರ್ಚುಗೀಸ್, ರಷ್ಯನ್, ಜರ್ಮನ್, ಇಂಡೊನೇಷಿಯನ್, ಥಾಯ್, ವಿಯೆಟ್ನಾಮೀಸ್. ಭಾರತದ ಒಂದು ಭಾಷೆಯೂ ಇಲ್ಲ.

ಥಾಯ್ಲೆಂಡಿನ ಜನಸಂಖ್ಯೆ ಎಷ್ಟು? ಹತ್ತಿರ ಹತ್ತಿರ ನಮ್ಮ ಕರ್ನಾಟಕದಷ್ಟೇ. 2011ರ ಜನಗಣತಿಯಲ್ಲಿ ಕನ್ನಡ ನಮ್ಮ ಮಾತೃಭಾಷೆ ಎಂದವರೇ 4 ಕೋಟಿ 37 ಲಕ್ಷ. ಥಾಯ್ ಮಗು ಥಾಯ್ ಭಾಷೆಯಲ್ಲಿ ಓದುತ್ತದೆ. ನಮ್ಮ ಮಗುವಿಗೆ ಇಂಗ್ಲಿಷ್ ಸಾಕು ಎಂದು ಟೋಕಿಯೊದವರು ತೀರ್ಮಾನಿಸಿದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಭಾರತದವರು ಇಂಗ್ಲಿಷಿನಲ್ಲೇ ಓದುತ್ತಾರೆ ಎಂದು ಅವರಿಗೆ ಹೇಳಿದವರು ನಾವೇ, ಸುಮ್ಮನಿದ್ದೇ ಹೇಳಿದ್ದೇವೆ.

ಇಡೀ ಭಾರತಕ್ಕೇ ಇದೇ ಗತಿ ಎಂದು ಸಮಾಧಾನ ಮಾಡಿಕೊಳ್ಳೋಣವೇ? ಅದೂ ಆಗದು. ಕ್ರಾಸ್ ಕಾಮಿಕ್ಸ್ ಎಂಬ ಕೊರಿಯಾ ಮೂಲದ ವೆಬ್‌ಟೂನ್ ಆ್ಯಪ್ 2019ರ ಕೊನೆಗೆ ಭಾರತಕ್ಕೆ ಬಂದಾಗ ಇಂಗ್ಲಿಷ್, ಹಿಂದಿಗಳ ಜೊತೆಗೆ ತೆಲುಗನ್ನು ಆರಿಸಿಕೊಂಡಿತು. ಡೆಮನ್ ಸ್ಲೇಯರ್ ಎಂಬುದು 2016ರಿಂದ 2020ರವರೆಗೆ ಬಂದ ಮಾಂಗಾ. ಅದರ ಇನ್ಫಿನಿಟಿ ಕ್ಯಾಸಲ್ ಚಲನಚಿತ್ರ 2025ರ ಸೆಪ್ಟೆಂಬರಿನಲ್ಲಿ ಭಾರತದ ಚಿತ್ರಮಂದಿರಗಳಿಗೆ ಜಪಾನೀ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡದಲ್ಲಿ ಬರಲಿಲ್ಲ. ಕನ್ನಡನಾಡಿನ ಮಕ್ಕಳು ಕನ್ನಡನಾಡಿನ ಚಿತ್ರಮಂದಿರದಲ್ಲೇ ಅದನ್ನು ಬೇರೆ ಭಾಷೆಯಲ್ಲಿ ನೋಡಿ ಬಂದರು.

ಡಬ್ಬಿಂಗ್ ವಿಷಯದಲ್ಲಿ ನಮ್ಮೊಳಗೇ ಎರಡು ಮಾತಿದೆ, ನನಗೆ ಗೊತ್ತು. ಡಬ್ಬಿಂಗ್ ತಡೆಯುವುದು ತಪ್ಪು ಎಂದು 2015ರಲ್ಲಿ ಸ್ಪರ್ಧಾ ಆಯೋಗ ಆದೇಶ ಕೊಟ್ಟ ಮೇಲೂ ಆ ವಾದ ಪೂರ್ತಿ ಆರಿಲ್ಲ. ಇಂದು ಆ ಗಾಯ ಕೆದಕುವುದಿಲ್ಲ. ಆದರೆ ಪುಸ್ತಕಕ್ಕೆ ಆ ವಾದ ಅನ್ವಯಿಸುವುದಿಲ್ಲ. ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು. ಗಳಗನಾಥರು ಮರಾಠಿಯ ಕಾದಂಬರಿಗಳನ್ನು ತಂದರು. ಕನ್ನಡದಲ್ಲಿ ಕಾದಂಬರಿ ಓದುವ ಜನ ಹುಟ್ಟಿದ್ದೇ ಈ ಇಬ್ಬರಿಂದ ಎಂದು ಹಿರಿಯರು ಹೇಳುತ್ತಾರೆ. ಅವರು ತಂದದ್ದರಿಂದ ಕನ್ನಡ ಬಡವಾಯಿತೇ? ಅವರು ಬೆಳೆಸಿದ ಓದುಗರ ಮೇಲೆಯೇ ಮುಂದಿನ ದೊಡ್ಡ ದೊಡ್ಡ ಕಾದಂಬರಿಕಾರರು ನಿಂತರು. ಇನ್ನೊಂದು ವಿಷಯ ನೋಡಿ, ಇಬ್ಬರೂ ಇಂಗ್ಲಿಷಿನ ದಾರಿ ಹಿಡಿಯಲಿಲ್ಲ. ಮೂಲಕ್ಕೇ ಹೋದರು.

ಅಣ್ಣ ಬೇರೆ, ತಮ್ಮ ಬೇರೆ

ಮೂಲಕ್ಕೇ ಯಾಕೆ ಹೋಗಬೇಕು? ನಮ್ಮ ಡಿಟಿಪಿ ಹುಡುಗ ಒಂದು ದಿನ ಊಟದ ಹೊತ್ತಿನಲ್ಲಿ ಮೊಬೈಲ್ ತೋರಿಸಿ, "ಸಾರ್, ಇಲ್ಲಿ ಬ್ರದರ್ ಅಂತ ಇದೆ, ಇವನು ಅಣ್ಣನೋ ತಮ್ಮನೋ ಗೊತ್ತಾಗ್ತಿಲ್ಲ, ಕಥೆಯೆಲ್ಲ ಅದರ ಮೇಲೇ ನಿಂತಿದೆ" ಎಂದ. ಜಪಾನೀ ಕಲಿತ ಒಬ್ಬರನ್ನು ವಿಚಾರಿಸಿದೆ. ಅವರು ನಕ್ಕುಬಿಟ್ಟರು. ಜಪಾನೀ ಭಾಷೆಯಲ್ಲಿ ಅಣ್ಣನಿಗೆ ಬೇರೆ ಪದ, ತಮ್ಮನಿಗೆ ಬೇರೆ ಪದ, ಅಕ್ಕನಿಗೆ ಬೇರೆ, ತಂಗಿಗೆ ಬೇರೆ. ಥೇಟ್ ನಮ್ಮ ಹಾಗೆ. ಅಣ್ಣನನ್ನು ಹೆಸರು ಹಿಡಿದು ಕೂಗುವುದಿಲ್ಲ, ಅಣ್ಣ ಎಂದೇ ಕರೆಯುತ್ತಾರೆ. ಗುರುವನ್ನು ಸೆನ್ಸೆ ಎನ್ನುತ್ತಾರೆ. ನಮ್ಮ ಮೇಷ್ಟ್ರು! ಇಂಗ್ಲಿಷಿಗೆ ಬರುವಾಗ ಇದೆಲ್ಲ ಕರಗಿ ಬ್ರದರ್, ಮಿಸ್ಟರ್ ಆಗುತ್ತದೆ. ಇಲ್ಲವೇ ಬೇರೆ ದಾರಿಯಿಲ್ಲದೆ ಜಪಾನೀ ಪದವನ್ನೇ ಉಳಿಸುತ್ತಾರೆ.

ವಾಕ್ಯದ ಕಟ್ಟೂ ಹಾಗೆಯೇ. "ನಾನು ಅನ್ನ ತಿಂದೆ" ಎಂದು ಕ್ರಿಯಾಪದವನ್ನು ಕೊನೆಗೆ ಇಡುವ ಕ್ರಮ ಅವರದ್ದೂ ಹೌದು, ನಮ್ಮದೂ ಹೌದು. ವಿಭಕ್ತಿ ಪ್ರತ್ಯಯದಂಥದ್ದು ಪದದ ಹಿಂದೆ ಬಂದು ಸೇರುತ್ತದೆ. ಹಿರಿಯರಿಗೆ ಬಹುವಚನದ ಗೌರವದಂತೆ ಅವರಲ್ಲೂ ಗೌರವದ ಕ್ರಿಯಾರೂಪಗಳಿವೆ.

ಎಲ್ಲಕ್ಕಿಂತ ಸೊಗಸು ಸದ್ದಿನ ಪದಗಳದ್ದು. ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಓದಿದ್ದು ನೆನಪಿದೆಯೇ? ದಡದಡ, ಪಟಪಟ, ಸರಸರ, ಥಳಥಳ, ಗುಡುಗುಡು. ಈ ಸಂಪತ್ತಿನಲ್ಲಿ ಜಪಾನೀ ಭಾಷೆ ನಮ್ಮ ಅಕ್ಕತಂಗಿಯಂತಿದೆ. ಎದೆ ಬಡಿತಕ್ಕೆ ಅವರು ದೊಕಿದೊಕಿ ಎಂದರೆ ನಾವು ಡವಡವ ಎನ್ನುತ್ತೇವೆ. ಬೆಳಕು ಮಿಂಚಿದರೆ ಅವರದು ಪಿಕಾಪಿಕಾ, ನಮ್ಮದು ಫಳಫಳ. ಮಕ್ಕಳೆಲ್ಲ ಬಲ್ಲ ಪಿಕಾಚು ಎಂಬ ಹೆಸರು ಹುಟ್ಟಿದ್ದೇ ಹಾಗೆ: ಮಿಂಚಿನ ಪಿಕಾ, ಇಲಿ ಕಿರುಗುಟ್ಟುವ ಚೂ. ಏನೂ ಸದ್ದಿಲ್ಲದಿದ್ದರೆ ಅದಕ್ಕೂ ಅವರಲ್ಲಿ ಒಂದು ಸದ್ದಿದೆ, ಶೀನ್ ಎಂದು. ಮಾಂಗಾದ ಪುಟದಲ್ಲಿ ಈ ಸದ್ದುಗಳೇ ಅರ್ಧ ಕಥೆ ಹೇಳುತ್ತವೆ. ಇಂಗ್ಲಿಷಿನಲ್ಲಿ ಇಂಥ ಪದಗಳು ಕಡಿಮೆ. ಕನ್ನಡದಲ್ಲಿ ಕಣಜ ತುಂಬಿದೆ. ಇದನ್ನು ಬಳಸದೆ ಬಿಟ್ಟರೆ ನಮ್ಮ ಮಕ್ಕಳಿಗೆ ಕಣಜದ ಬಾಗಿಲೇ ಗೊತ್ತಾಗುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮಗಾಗಿಯೇ ಹುಟ್ಟಿದ್ದಿರಬೇಕು.

ಮಾಂಗಾದ ಪಾತ್ರಗಳು ಒಸಾಕಾ ಕಡೆಯ ಮಾತನ್ನೂ ಆಡುತ್ತವೆ. ಅದನ್ನು ಕೇಳಿದರೆ ಟೋಕಿಯೊದವರಿಗೆ ನಗು, ಸಲಿಗೆ. ಇಂಗ್ಲಿಷಿನವರು ಅದಕ್ಕೆ ಅಮೆರಿಕದ ಯಾವುದೋ ಮೂಲೆಯ ಉಚ್ಚಾರ ಹಾಕುತ್ತಾರೆ. ನಮ್ಮಲ್ಲಿ ಧಾರವಾಡವಿದೆ, ಮಂಗಳೂರಿದೆ, ಕಲಬುರಗಿ ಇದೆ, ಕೋಲಾರವಿದೆ, ಚಾಮರಾಜನಗರವಿದೆ. ಯಾರಿಗೆ ಯಾವ ಬಾಯಿ ಕೊಡಬೇಕು ಎಂದು ಜಗಳವಾಡಬೇಕಾದಷ್ಟು ಶ್ರೀಮಂತರು ನಾವು.

ಗುಳ್ಳೆಯೊಳಗೆ ಕನ್ನಡ ಕೂರಿಸುವುದು

ಇನ್ನು ನನ್ನ ಕಸುಬಿನ ಮಾತು. ತೊಂದರೆಗಳಿಲ್ಲವೇ? ಇವೆ. ಜಪಾನೀ ಬರಹ ಮೇಲಿನಿಂದ ಕೆಳಕ್ಕೆ ಹೋಗುತ್ತದೆ, ಪುಟ ಬಲದಿಂದ ಎಡಕ್ಕೆ ಸಾಗುತ್ತದೆ. ಆದ್ದರಿಂದ ಮಾತಿನ ಗುಳ್ಳೆ ಉದ್ದಕ್ಕೆ, ಸಪೂರಕ್ಕೆ ಇರುತ್ತದೆ. ಕನ್ನಡದ ಪದ ಅಡ್ಡಕ್ಕೆ ಬೆಳೆಯುವಂಥದ್ದು. "ಹೋಗಬೇಕಾಗಿತ್ತಲ್ಲವೇ" ಎಂಬ ಒಂದೇ ಪದ ಗುಳ್ಳೆಯಿಂದ ಹೊರಗೆ ಚಾಚುತ್ತದೆ. ಜೊತೆಗೆ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲು ಸಾಲಿನ ನಡುವೆ ಜಾಗ ಬೇಕು. ಪಾಠಪುಸ್ತಕದ ಫಾಂಟ್ ಹಾಕಿದರೆ ಪಾತ್ರವೆಲ್ಲ ಸರ್ಕಾರಿ ಸುತ್ತೋಲೆ ಓದಿದಂತೆ ಕಾಣುತ್ತದೆ.

ಪರಿಹಾರವೂ ಇದೆ. ಗ್ರಂಥಭಾಷೆ ಬಿಟ್ಟು ಆಡುಮಾತು ಹಾಕಿದರೆ ಅದೇ ಮಾತು "ಹೋಗ್ಬೇಕಿತ್ತು" ಆಗಿ ಗುಳ್ಳೆಯೊಳಗೆ ಕೂರುತ್ತದೆ, ಬಾಯಿಗೂ ಹತ್ತಿರವಾಗುತ್ತದೆ. ಸಿನಿಮಾ ಪೋಸ್ಟರು, ಗೋಡೆ ಬರಹ ಬರೆಯುತ್ತಿದ್ದ ಕಲಾವಿದರ ಕೈಬರಹದಿಂದ ಕಾಮಿಕ್ಸಿಗೆ ತಕ್ಕ ಫಾಂಟ್ ಮಾಡಿಸಬಹುದು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಅಂಥವರು ನಿಮ್ಮ ಊರಿನಲ್ಲೂ ಇದ್ದಾರೆ. ವೆಬ್‌ಟೂನಿನಲ್ಲಂತೂ ಚಿತ್ರಗಳ ನಡುವೆ ಖಾಲಿ ಜಾಗ ಬೇಕಾದಷ್ಟಿರುತ್ತದೆ, ಮೊಬೈಲಿಗೆ ಕನ್ನಡ ಸಲೀಸಾಗಿ ಒಗ್ಗುತ್ತದೆ. ಅಚ್ಚಿನಲ್ಲಿ ಮಾಡುವುದಾದರೆ ಒಂದೇ ಶಾಯಿ ಸಾಕು. ಆಫ್‌ಸೆಟ್ ಯಂತ್ರವಿರುವ ಯಾವ ತಾಲ್ಲೂಕಿನ ಪ್ರೆಸ್ಸಿನಲ್ಲೂ ಹದಿನಾರು ಪುಟಗಳ ಫಾರಂ ಹಾಕಿ ಮುದ್ರಿಸಬಹುದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ನೆಲ ಡೊಂಕಿಲ್ಲ ಎಂದು ಒಬ್ಬ ಮುದ್ರಕನಾಗಿ ನಾನು ಹೇಳಬಲ್ಲೆ.

ಕದ್ದ ಪುಟ ಬೇಡ

ಇಲ್ಲಿ ಕೆಲವು ತರುಣರು ಒಂದು ಸಲಹೆ ಕೊಡುತ್ತಾರೆ. ಅಂತರಜಾಲದಲ್ಲಿ ಕದ್ದ ಪುಟಗಳು ಬೇಕಾದಷ್ಟಿವೆ, ಇಂಗ್ಲಿಷ್ ಅಳಿಸಿ ಕನ್ನಡ ತುಂಬಿ ಹಂಚಿಬಿಡೋಣ ಎಂದು. ಜಗತ್ತಿನ ಎಲ್ಲ ಕಡೆ ಅಭಿಮಾನಿಗಳ ಗುಂಪುಗಳು ಇದನ್ನು ಮಾಡುತ್ತಿವೆ. ಒಬ್ಬ ಸ್ಕ್ಯಾನ್ ಮಾಡುತ್ತಾನೆ, ಒಬ್ಬ ಅಕ್ಷರ ಅಳಿಸುತ್ತಾನೆ, ಒಬ್ಬ ಅನುವಾದಿಸುತ್ತಾನೆ, ಒಬ್ಬ ಅಕ್ಷರ ಕೂರಿಸುತ್ತಾನೆ. ಸಂಬಳವಿಲ್ಲದೆ ರಾತ್ರಿಯಿಡೀ ದುಡಿಯುತ್ತಾರೆ. ಅವರ ಭಾಷಾಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಪುಟಗಳು ಕೊನೆಗೆ ಸೇರುವುದು ಕಳ್ಳತಾಣಗಳಿಗೆ. ಅಲ್ಲಿ ಅಸಹ್ಯ ಜಾಹೀರಾತುಗಳ ನಡುವೆ ನಮ್ಮ ಮಕ್ಕಳು ಓದುತ್ತಾರೆ, ಬರೆದ ಕಲಾವಿದನಿಗೆ ಕಾಸೂ ಸಿಗುವುದಿಲ್ಲ.

ಜಪಾನಿನಲ್ಲಿ ಮಾಂಗಾಮುರಾ ಎಂಬ ಕಳ್ಳತಾಣವಿತ್ತು. 2018ರ ಏಪ್ರಿಲಿನಲ್ಲಿ ಮುಚ್ಚಿತು. ಅದರಿಂದಾದ ನಷ್ಟ ಸುಮಾರು 32 ಸಾವಿರ ಕೋಟಿ ಯೆನ್ ಎಂದು ಅಲ್ಲಿನ ಹಕ್ಕುದಾರರ ಸಂಸ್ಥೆ ಅಂದಾಜು ಮಾಡಿತು. ನಡೆಸುತ್ತಿದ್ದವನಿಗೆ 2021ರಲ್ಲಿ ಫುಕುವೊಕಾ ನ್ಯಾಯಾಲಯ ಮೂರು ವರ್ಷ ಜೈಲು ವಿಧಿಸಿತು. 2024ರಲ್ಲಿ ಟೋಕಿಯೊ ನ್ಯಾಯಾಲಯ ಮೂರು ಪ್ರಕಾಶನಗಳಿಗೆ ಸುಮಾರು 170 ಕೋಟಿ ಯೆನ್ ಪರಿಹಾರ ಕೊಡಬೇಕೆಂದು ಆದೇಶಿಸಿತು. ನಾವು ಅಚ್ಚಿನ ಮನೆಯವರು. ನಾವು ಕಷ್ಟಪಟ್ಟು ಅಚ್ಚು ಹಾಕಿದ ಗೈಡನ್ನು ಇನ್ನೊಬ್ಬ ಜೆರಾಕ್ಸ್ ಮಾಡಿ ಮಾರಿದಾಗ ಹೊಟ್ಟೆ ಹೇಗೆ ಉರಿಯುತ್ತದೆ ಎಂದು ನಮಗೆ ಗೊತ್ತು. ಕನ್ನಡದ ಹೆಸರಿನಲ್ಲಿ ಆ ಉರಿಯನ್ನು ಇನ್ನೊಬ್ಬರಿಗೆ ಹಚ್ಚಬಾರದು.

ಒಂದು ವಿಷಯ ಮನಸ್ಸಿನಲ್ಲಿಡಿ. ನಾವು ಬೀದಿಯಲ್ಲಿ ಭಾಷಾಹಕ್ಕು, ಭಾಷಾಹಕ್ಕು ಎಂದು ಕೂಗುತ್ತೇವೆ. ಪುಸ್ತಕ ವ್ಯಾಪಾರದಲ್ಲೂ ಭಾಷಾಹಕ್ಕು ಎಂಬುದಿದೆ. ಒಂದು ಕೃತಿಯ ಥಾಯ್ ಹಕ್ಕು ಬೇರೆ, ಜರ್ಮನ್ ಹಕ್ಕು ಬೇರೆ, ಕನ್ನಡ ಹಕ್ಕು ಬೇರೆ. ಮುಂಗಡ ಕೊಟ್ಟು, ಮಾರಾಟದಲ್ಲಿ ಇಷ್ಟು ಪಾಲು ಎಂದು ಒಪ್ಪಂದಕ್ಕೆ ಸಹಿ ಹಾಕಿದರೆ ಆ ಹಕ್ಕು ಸಿಗುತ್ತದೆ. ಈ ಭಾಷಾಹಕ್ಕನ್ನು ಘೋಷಣೆಯಿಂದ ಪಡೆಯಲಾಗದು, ಪತ್ರ ಬರೆದು ಕೇಳಬೇಕು. ಕೇಳದವರ ಹಕ್ಕನ್ನು ಯಾರೂ ಮನೆ ಬಾಗಿಲಿಗೆ ತಂದುಕೊಡುವುದಿಲ್ಲ.

ಶಿವಕಾಶಿಯ ಪಾಠ

ಸಣ್ಣ ಊರಿನವರಿಂದ ಇದು ಸಾಧ್ಯವೇ ಎಂದರೆ ಶಿವಕಾಶಿ ನೋಡಿ. ಕ್ಯಾಲೆಂಡರಿಗೆ, ಡೈರಿಗೆ ನಮ್ಮಂಥ ಮುದ್ರಕರೆಲ್ಲ ಹೆಸರು ಹೇಳುವ ಊರು ಅದು. ಅಲ್ಲಿಂದ 1972ರಲ್ಲಿ ಮುತ್ತು ಕಾಮಿಕ್ಸ್, 1984ರಲ್ಲಿ ಲಯನ್ ಕಾಮಿಕ್ಸ್ ಶುರುವಾದವು. ಯುರೋಪಿನ ಚಿತ್ರಕಥೆಗಳನ್ನು ಹಕ್ಕು ಪಡೆದು ತಮಿಳಿಗೆ ತಂದರು. ಇಟಲಿಯ ಕುದುರೆ ಸವಾರ ಟೆಕ್ಸ್ ಇವತ್ತಿಗೂ ಅಲ್ಲಿ ತಮಿಳು ಮಾತಾಡುತ್ತಾನೆ. ಅದನ್ನು ಮಾಡಿದ್ದು ಸರ್ಕಾರವಲ್ಲ, ವಿಶ್ವವಿದ್ಯಾಲಯವಲ್ಲ. ಅಚ್ಚಿನ ಊರಿನ ಒಂದು ಮನೆತನ. ನದಿ ನೀರಿಗೆ ತಮಿಳರೊಂದಿಗೆ ವಾದ ಮಾಡೋಣ, ಇಂಥ ವಿಷಯದಲ್ಲಿ ಅವರಿಂದ ಕಲಿಯಲು ನಾಚಿಕೆ ಬೇಡ.

ನಮ್ಮ ಚರಿತ್ರೆಯೇನೂ ಬರಿದಾಗಿಲ್ಲ. ಅಮರ ಚಿತ್ರಕಥೆ ಕಟ್ಟಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಇನ್ನೂ ಮುಖ್ಯ ಸಂಗತಿ ಹಲವರಿಗೆ ಗೊತ್ತಿಲ್ಲ. ಆ ಮಾಲಿಕೆ ಮೊದಲು ಬಂದದ್ದು ಕನ್ನಡದಲ್ಲಿ. ಬೆಂಗಳೂರಿನಲ್ಲಿ ಪುಸ್ತಕ ವ್ಯಾಪಾರದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರಲ್ಲಿ ವಿದೇಶಿ ಕಥೆಗಳ ಕನ್ನಡ ಚಿತ್ರಪುಸ್ತಕಗಳು ಹೊರಬಂದವು. ಮೊದಲ ಹತ್ತು ಅಂಕಿಗಳು ಅವಕ್ಕೆ ಸಂದವು. ಇಂಗ್ಲಿಷಿನಲ್ಲಿ ಕೃಷ್ಣನ ಕಥೆ ಬಂದಾಗ ಅದಕ್ಕೆ ಸಿಕ್ಕಿದ ಸಂಖ್ಯೆ ಹನ್ನೊಂದು. ಇಡೀ ಭಾರತಕ್ಕೆ ಹೆಸರಾದ ಚಿತ್ರಕಥೆಯ ಮಾಲಿಕೆಗೆ ತೊಟ್ಟಿಲು ಕಟ್ಟಿದ್ದು ಕನ್ನಡ, ಅದೂ ಅನುವಾದದ ಮೂಲಕ. ಆಮೇಲೆ ಚಂದಮಾಮ ಓದಿ ಬೆಳೆದೆವು, ಬಾಲಮಂಗಳದ ಡಿಂಗನಿಗಾಗಿ ಕಾದೆವು. ಆ ಸಾಲು ಎಲ್ಲಿ ಕಡಿಯಿತೋ ಅಲ್ಲಿಂದ ಹೆಣೆಯಬೇಕಾಗಿದೆ.

ನೀವು ಮಾಡಬಹುದಾದದ್ದು

ಬರೀ ಮಾತಾಡಿ ಹೋಗುವುದು ನನ್ನ ಜಾಯಮಾನವಲ್ಲ. ನಾಲ್ಕು ಕೆಲಸ ಮುಂದಿಡುತ್ತೇನೆ.

ಮೊದಲನೆಯದು, ಮಗು ಮಾಂಗಾ ಓದುತ್ತಿದ್ದರೆ ಬೈಯಬೇಡಿ. ಓದುವ ಮಗು ಸಿಕ್ಕುವುದೇ ಈಗ ಕಷ್ಟ. ಯಾವ ಕಥೆ, ಏನಾಯಿತು ಎಂದು ಕೇಳಿ. ಅದು ಕನ್ನಡದಲ್ಲಿ ಹೇಳಲಿ. ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಹೇಳುವ ಮಗು ಆಗಲೇ ಅರ್ಧ ಅನುವಾದಕ.

ಎರಡನೆಯದು, ಮಾಂಗಾ ಪ್ಲಸ್‌ನಂಥ ಕಾನೂನುಬದ್ಧ ಆ್ಯಪ್‌ಗಳಿಗೆ ನಮಗೆ ಕನ್ನಡ ಬೇಕು ಎಂದು ಬರೆಯಿರಿ. ಬ್ಯಾಂಕಿನ ಚಲನ್ನಿಗೆ, ವಿಮಾನದ ಪ್ರಕಟಣೆಗೆ ನಾವು ಪತ್ರ ಬರೆದು, ಬೆನ್ನುಹತ್ತಿ ಕೇಳಿದವರು. ಅದೇ ಹಟ ಇಲ್ಲೂ ಇರಲಿ. ಭಾಷೆ ವಿನಯದ್ದಾಗಿರಲಿ. ಗ್ರಾಹಕನ ಬೇಡಿಕೆ ಟೋಕಿಯೊ, ಸೋಲ್‌ಗಳಿಗೂ ಅರ್ಥವಾಗುತ್ತದೆ.

ಮೂರನೆಯದು, ಸರ್ಕಾರದ ಹೊಣೆ. ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಅನುವಾದಕ್ಕೆಂದೇ ಇದೆ. ಪ್ರತಿವರ್ಷ ಏಷ್ಯಾದ ಒಂದೆರಡು ಶ್ರೇಷ್ಠ ಚಿತ್ರಕಥೆಗಳ ಕನ್ನಡ ಹಕ್ಕು ಪಡೆದು, ಇಂಗ್ಲಿಷಿನಿಂದಲ್ಲ ಮೂಲದಿಂದಲೇ ಅನುವಾದಿಸಲಿ. ಬರಿಗಾಲಿನ ಗೆನ್‌ನಿಂದ ಆರಂಭಿಸಲಿ. ಅನುವಾದಕರಿಲ್ಲ ಎನ್ನುವ ಹಾಗಿಲ್ಲ. ಬಿಡದಿಯ ಕಾರು ಕಾರ್ಖಾನೆ, ಬೆಂಗಳೂರಿನ ಕಂಪನಿಗಳಿಗಾಗಿ ಜಪಾನೀ ಕಲಿತ ಕನ್ನಡಿಗರು ಎಷ್ಟೋ ಜನ ಇದ್ದಾರೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಕನ್ನಡ ಚಿತ್ರಕಥೆಗೆ ಒಂದು ಪಾಲು ಮೀಸಲಿಡಲಿ. ಅಷ್ಟಾದರೆ ಪ್ರಕಾಶಕನಿಗೆ ಧೈರ್ಯ ಬರುತ್ತದೆ.

ನಾಲ್ಕನೆಯದು, ನಮ್ಮದೇ ಕಥೆ. ಅನುವಾದ ಬಿತ್ತನೆ ಬೀಜ, ಬೆಳೆ ನಮ್ಮ ಹೊಲದ್ದಾಗಬೇಕು. ಮಲೆನಾಡಿನ ಭೂತ, ಬಯಲುಸೀಮೆಯ ಕುಸ್ತಿ ಗರಡಿ, ಕೋಲಾರದ ಚಿನ್ನದ ಗಣಿ, ಇವು ಯಾವ ಮಾಂಗಾಕ್ಕೆ ಕಡಿಮೆ? ಚಿತ್ರ ಬರೆಯಬಲ್ಲ ಹುಡುಗ ಹುಡುಗಿಯರು ಪ್ರತಿ ಶಾಲೆಯಲ್ಲೂ ಇದ್ದಾರೆ. ಈ ಪತ್ರಿಕೆಯ ಸಂಪಾದಕರಿಗೆ ಸಭೆಯಲ್ಲೇ ಕೇಳಿಕೊಂಡಿದ್ದೇನೆ, ಪ್ರತಿ ಸಂಚಿಕೆಯಲ್ಲಿ ಅರ್ಧ ಪುಟ ಅವರಿಗೆ ಬಿಡಲಿ ಎಂದು. ಒಂದೇ ಶಾಯಿ, ನಾಲ್ಕು ಚೌಕ, ಸಾಕು. ಅದರ ಪ್ಲೇಟಿನ ಖರ್ಚು ನನ್ನದು. ಜಪಾನಿನವರಂತೆ ನೀವೂ ಕಾರ್ಡು ಬರೆದು ಮತ ಹಾಕಿ. ಯಾವ ಮಗುವಿನ ಕಥೆ ಮುಂದುವರಿಯಬೇಕು ಎಂದು ನೀವೇ ಹೇಳಿ.

ಬಂಧುಗಳೇ, ಭಾಷೆಯನ್ನು ಕಾಯುವವರು ಗಡಿಯಲ್ಲಿ ಮಾತ್ರ ನಿಂತರೆ ಸಾಲದು. ಮಗುವಿನ ಹಾಸಿಗೆಯ ಪಕ್ಕದಲ್ಲೂ ಒಬ್ಬರು ನಿಲ್ಲಬೇಕು, ಕೈಯಲ್ಲಿ ಒಂದು ಒಳ್ಳೆಯ ಕಥೆ ಹಿಡಿದು. ಅದು ಕನ್ನಡದ ಕಥೆಯಾಗಿರಲಿ, ಕನ್ನಡಕ್ಕೆ ಬಂದ ಕಥೆಯಾಗಿರಲಿ, ಕನ್ನಡದಲ್ಲಿರಲಿ.

ಜೈ ಕರ್ನಾಟಕ.